ಆರೋಗ್ಯ ವೆಚ್ಚ ಮತ್ತು ನಡುವಿನ ವರ್ಗ: ರಾಜ್ಯ ಮಟ್ಟದ ಸುಧಾರಣೆಯ ಲೆಕ್ಕಾಚಾರ

ಸಣ್ಣ ವ್ಯಾಪಾರಿಯ ಲೆಕ್ಕಪುಸ್ತಕಗಳಲ್ಲಿ ಬಾಡಿಗೆಗೆ ಒಂದು ಖಾತೆಯಿದೆ, ವಿದ್ಯುತ್ತಿಗೆ ಒಂದು, ಹಮಾಲಿಗೆ ಒಂದು, ಬ್ಯಾಂಕಿನ ಬಡ್ಡಿಗೆ ಒಂದು. ಕುಟುಂಬದ ಕಾಯಿಲೆಗೆ ಮಾತ್ರ ಖಾತೆಯಿಲ್ಲ. ಅದು ಮಾಲೀಕರ ಸ್ವಂತ ಖರ್ಚಿನ, ಅಂದರೆ ಡ್ರಾಯಿಂಗ್ಸ್‌ನ ಲೆಕ್ಕದಲ್ಲಿ ಸೇರಿಹೋಗುತ್ತದೆ. ವರ್ಷದ ಕೊನೆಯಲ್ಲಿ ಲೆಕ್ಕಪರಿಶೋಧನೆಗೆ ಕುಳಿತಾಗ ಡ್ರಾಯಿಂಗ್ಸ್ ಒಮ್ಮೆಲೇ ಮೂರು ಪಟ್ಟಾಗಿರುವುದೂ, ದಾಸ್ತಾನು ಕುಗ್ಗಿರುವುದೂ, ಓವರ್‌ಡ್ರಾಫ್ಟ್ ಮಿತಿಯ ಅಂಚಿಗೆ ಬಂದಿರುವುದೂ ಒಟ್ಟಿಗೇ ಕಂಡುಬಂದರೆ ಅದರ ಹಿಂದೆ ಬಹುಮಟ್ಟಿಗೆ ಮದುವೆಯೋ ಆಸ್ಪತ್ರೆಯೋ ಇರುತ್ತದೆ. ಮದುವೆಗೆ ಮುಹೂರ್ತ ನೋಡಿ ಹಣ ಕೂಡಿಸಬಹುದು, ಹೃದಯಾಘಾತಕ್ಕೆ ಮುಹೂರ್ತವಿಲ್ಲ. ದುಡಿಯುವ ಬಂಡವಾಳ ಹೀಗೆ ಆಸ್ಪತ್ರೆಯ ಕೌಂಟರಿನಲ್ಲಿ ಕರಗಿದ ಮೇಲೆ ಅಂಗಡಿ ಮೊದಲಿನ ಸ್ಥಿತಿಗೆ ಮರಳಲು ಎಷ್ಟೋ ವರ್ಷ ಹಿಡಿಯುತ್ತದೆ.

ಆದುದರಿಂದ ವೈದ್ಯಕೀಯ ವೆಚ್ಚವನ್ನು ಕೇವಲ ಕುಟುಂಬದ ವಿಷಯವೆಂದು ಬದಿಗಿಡುವಂತಿಲ್ಲ. ಅದು ವಾಣಿಜ್ಯದ ವಿಷಯವೂ ಹೌದು. ನಮ್ಮ ರಾಜ್ಯದಲ್ಲಿ ಕಳೆದ ಎರಡು ದಶಕಗಳಲ್ಲಿ ನಡೆದ ಪ್ರಯೋಗಗಳನ್ನೂ, ಅವುಗಳಲ್ಲಿ ಉಳಿದಿರುವ ಕೊರತೆಗಳನ್ನೂ, ವ್ಯಾಪಾರಿ ಮತ್ತು ಉದ್ಯಮಿ ಸಮುದಾಯದ ದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ರಾಜ್ಯದ ಹೊಣೆ ಏಕೆ?

ಸಂವಿಧಾನದ ಏಳನೆಯ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 6ನೆಯ ನಮೂದು ಸಾರ್ವಜನಿಕ ಆರೋಗ್ಯ, ನೈರ್ಮಲ್ಯ, ಆಸ್ಪತ್ರೆ ಮತ್ತು ಔಷಧಾಲಯಗಳನ್ನು ರಾಜ್ಯಗಳ ಅಧಿಕಾರಕ್ಕೆ ಬಿಟ್ಟಿದೆ. ಕೇಂದ್ರವು ಯೋಜನೆ ರೂಪಿಸಿ ಅನುದಾನ ಕೊಡಬಹುದು. ಆದರೆ ಆಸ್ಪತ್ರೆ ನಡೆಸುವುದು, ಖಾಸಗಿ ಆಸ್ಪತ್ರೆಗಳನ್ನು ನೋಂದಾಯಿಸಿ ನಿಯಂತ್ರಿಸುವುದು, ಔಷಧ ಖರೀದಿಸಿ ಹಂಚುವುದು ಇವೆಲ್ಲವೂ ರಾಜ್ಯದ ಕೈಯಲ್ಲಿವೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯು ಸರ್ಕಾರಗಳ ಒಟ್ಟು ಆರೋಗ್ಯ ವೆಚ್ಚ 2025ರ ವೇಳೆಗೆ ರಾಷ್ಟ್ರೀಯ ಉತ್ಪನ್ನದ ಶೇ. 2.5ಕ್ಕೆ ಏರಬೇಕೆಂದೂ, ರಾಜ್ಯಗಳು 2020ರೊಳಗೆ ತಮ್ಮ ಆಯವ್ಯಯದ ಶೇ. 8ಕ್ಕಿಂತ ಹೆಚ್ಚನ್ನು ಆರೋಗ್ಯಕ್ಕೆ ಮೀಸಲಿಡಬೇಕೆಂದೂ ಗುರಿ ಇಟ್ಟಿತ್ತು. ರಾಷ್ಟ್ರೀಯ ಆರೋಗ್ಯ ಲೆಕ್ಕಗಳ ಪ್ರಕಾರ 2021-22ರಲ್ಲಿ ಸರ್ಕಾರಿ ಆರೋಗ್ಯ ವೆಚ್ಚ ತಲುಪಿದ್ದು ಶೇ. 1.84ನ್ನು ಮಾತ್ರ.

ಅದೇ ಲೆಕ್ಕಗಳಲ್ಲಿ ಸಮಾಧಾನ ಕೊಡುವ ಅಂಕಿಯೂ ಒಂದಿದೆ. ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಜನರು ಚಿಕಿತ್ಸೆಯ ಹೊತ್ತಿಗೆ ಜೇಬಿನಿಂದ ನೇರವಾಗಿ ಕೊಡುವ ಪಾಲು 2013-14ರಲ್ಲಿ ಶೇ. 64.2 ಇದ್ದದ್ದು 2021-22ರಲ್ಲಿ ಶೇ. 39.4ಕ್ಕೆ ಇಳಿದಿದೆ. ಇಳಿಕೆ ಸ್ವಾಗತಾರ್ಹವೇ. ಆದರೂ ನೂರು ರೂಪಾಯಿಯಲ್ಲಿ ಸುಮಾರು ನಲವತ್ತು ರೂಪಾಯಿ ಇಂದಿಗೂ ರೋಗಿಯ ಮನೆಯಿಂದಲೇ ಬರುತ್ತಿದೆ ಎಂಬುದನ್ನು ಮರೆಯಲಾಗದು.

ಯಶಸ್ವಿನಿ ಕಲಿಸಿದ ಪಾಠ

ಕರ್ನಾಟಕವು ಈ ಕ್ಷೇತ್ರದಲ್ಲಿ ಹಿಂದೆ ಬಿದ್ದ ರಾಜ್ಯವಲ್ಲ. ಡಾ. ಎಚ್. ಸುದರ್ಶನ್ ಅವರ ಅಧ್ಯಕ್ಷತೆಯ ಕಾರ್ಯಪಡೆಯು 2001ರಲ್ಲಿಯೇ ಆರೋಗ್ಯ ವ್ಯವಸ್ಥೆಯ ಸಮಗ್ರ ಸುಧಾರಣೆಯ ಬಗ್ಗೆ ವರದಿ ನೀಡಿತ್ತು. ಅದರ ಬೆನ್ನಿಗೇ ಬಂದದ್ದು ಯಶಸ್ವಿನಿ. ಡಾ. ದೇವಿ ಶೆಟ್ಟಿ ಅವರ ಕಲ್ಪನೆಯನ್ನು ಸಹಕಾರ ಇಲಾಖೆ ಕೈಗೆತ್ತಿಕೊಂಡು 2003ರ ಜೂನ್‌ನಿಂದ ಜಾರಿಗೆ ತಂದಿತು. ಸಹಕಾರ ಸಂಘದ ಸದಸ್ಯನಾದ ರೈತನು ತಿಂಗಳಿಗೆ 5 ರೂಪಾಯಿಯಂತೆ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಆಯ್ದ ಆಸ್ಪತ್ರೆಗಳಲ್ಲಿ ನಿಗದಿತ ಶಸ್ತ್ರಚಿಕಿತ್ಸೆಗಳು ನಗದುರಹಿತವಾಗಿ ದೊರೆಯುತ್ತಿದ್ದವು. ಮೊದಲ ವರ್ಷವೇ ಸುಮಾರು 16 ಲಕ್ಷ ಜನ ಸೇರಿದರು. ಹನಿ ಹನಿ ಕೂಡಿದರೆ ಹಳ್ಳವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು: 16 ಲಕ್ಷ ಜನರ 60 ರೂಪಾಯಿ ಎಂದರೆ 9 ಕೋಟಿ 60 ಲಕ್ಷ ರೂಪಾಯಿ.

ವಿಮಾಶಾಸ್ತ್ರದ ದೃಷ್ಟಿಯಿಂದ ಇಲ್ಲಿ ಗಮನಿಸಬೇಕಾದ ಅಂಶ ಒಂದಿದೆ. ಸ್ವಇಚ್ಛೆಯ ವಿಮೆಯಲ್ಲಿ ರೋಗವಿದ್ದವರು ಮುಂದಾಗಿ ಸೇರುತ್ತಾರೆ, ಆರೋಗ್ಯವಂತರು ದೂರ ಉಳಿಯುತ್ತಾರೆ. ಆಗ ಕ್ಲೇಮುಗಳು ಹೆಚ್ಚುತ್ತವೆ, ಕಂತು ಏರಿಸಬೇಕಾಗುತ್ತದೆ, ಏರಿದಂತೆ ಉಳಿದ ಆರೋಗ್ಯವಂತರೂ ಹೊರಗೆ ಹೋಗುತ್ತಾರೆ. ಯಶಸ್ವಿನಿ ಈ ಸುಳಿಯಿಂದ ಬಹುಮಟ್ಟಿಗೆ ಪಾರಾದದ್ದು ಸಹಕಾರ ಸಂಘಗಳ ಮೂಲಕ ಗುಂಪಾಗಿ ನೋಂದಾಯಿಸಿದ್ದರಿಂದ. ಆದರೂ 2005ರಲ್ಲಿ ಕಂತು 60ರಿಂದ 120 ರೂಪಾಯಿಗೆ ಏರಿದಾಗ ಸುಮಾರು 20 ಲಕ್ಷ ಇದ್ದ ಸದಸ್ಯತ್ವ 15 ಲಕ್ಷದ ಆಸುಪಾಸಿಗೆ ಇಳಿಯಿತು. ವರ್ಷಕ್ಕೆ ಅರವತ್ತು ರೂಪಾಯಿಯ ವ್ಯತ್ಯಾಸವೂ ಹಳ್ಳಿಯ ಮನೆಗೆ ಎಷ್ಟು ಭಾರವೆಂಬುದು ಆಗ ಸ್ಪಷ್ಟವಾಯಿತು.

2018ರಲ್ಲಿ ಯಶಸ್ವಿನಿಯನ್ನು ಬೇರೆ ಯೋಜನೆಗಳೊಡನೆ ವಿಲೀನಗೊಳಿಸಲಾಯಿತು. ಸಹಕಾರಿಗಳ ಒತ್ತಾಯದ ಮೇರೆಗೆ ಅದನ್ನು ಪುನಃ ಆರಂಭಿಸಿ, 2023ರ ಜನವರಿಯಿಂದ ಚಿಕಿತ್ಸಾ ಸೌಲಭ್ಯ ನೀಡಲಾಯಿತು. ಮರು ಆರಂಭದ ವೇಳೆ ನಾಲ್ವರ ಕುಟುಂಬಕ್ಕೆ ಗ್ರಾಮೀಣ ಸಹಕಾರ ಸಂಘದ ಸದಸ್ಯರಾದರೆ ವರ್ಷಕ್ಕೆ 500 ರೂಪಾಯಿ, ನಗರ ಸಹಕಾರ ಸಂಘದ ಸದಸ್ಯರಾದರೆ 1,000 ರೂಪಾಯಿ ಎಂದು ನಿಗದಿಯಾಯಿತು. ಚಿಕಿತ್ಸಾ ಮಿತಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ.

ವಾಜಪೇಯಿ ಆರೋಗ್ಯಶ್ರೀಯಿಂದ ಆಯುಷ್ಮಾನ್‌ವರೆಗೆ

ಎರಡನೆಯ ಪ್ರಯೋಗ ವಾಜಪೇಯಿ ಆರೋಗ್ಯಶ್ರೀ. ಬಡತನ ರೇಖೆಯ ಕೆಳಗಿನ ಕುಟುಂಬಗಳಿಗೆ ಹೃದ್ರೋಗ, ಕ್ಯಾನ್ಸರ್, ಮೂತ್ರಪಿಂಡದ ಕಾಯಿಲೆಯಂತಹ ದುಬಾರಿ ಚಿಕಿತ್ಸೆಗಳನ್ನು ಉಚಿತವಾಗಿ ಒದಗಿಸುವ ಈ ಯೋಜನೆ 2010ರಲ್ಲಿ ಗುಲ್ಬರ್ಗಾ ವಿಭಾಗದಲ್ಲಿ ಆರಂಭವಾಗಿ, ಬೆಳಗಾವಿ ವಿಭಾಗಕ್ಕೂ ಬಳಿಕ ರಾಜ್ಯದ ಉಳಿದೆಡೆಗೂ ವಿಸ್ತರಿಸಿತು. ಉತ್ತರದ ಜಿಲ್ಲೆಗಳಲ್ಲಿ ಮೊದಲು ಜಾರಿಯಾದ್ದರಿಂದ, ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯಾಚೆ ಇನ್ನೂ ಇಲ್ಲದ ಹಳ್ಳಿಗಳನ್ನೂ ಹೋಲಿಸಿ ನೋಡುವ ಅವಕಾಶ ಸಂಶೋಧಕರಿಗೆ ದೊರೆಯಿತು. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಯೋಜನೆಗೆ ಒಳಪಟ್ಟ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಅರ್ಹ ಬಡ ಕುಟುಂಬಗಳಲ್ಲಿ ಶೇ. 64ರಷ್ಟು ಕಡಿಮೆಯಿತ್ತು, ಆಸ್ಪತ್ರೆಗಾಗಿ ಜೇಬಿನಿಂದ ಮಾಡಿದ ವೆಚ್ಚ ಶೇ. 34ರಷ್ಟು ಕಡಿಮೆಯಿತ್ತು. ಸರ್ಕಾರದ ಹಣ ಸರಿಯಾದ ಕಡೆ ಹರಿದರೆ ಫಲ ದೊರೆಯುತ್ತದೆ ಎಂಬುದಕ್ಕೆ ಇದು ನಮ್ಮ ರಾಜ್ಯದ್ದೇ ಪುರಾವೆ.

2018ರ ಮಾರ್ಚ್‌ನಲ್ಲಿ ಆರೋಗ್ಯ ಕರ್ನಾಟಕ ಯೋಜನೆ ಬಂದು, ಅದೇ ವರ್ಷದ ಅಕ್ಟೋಬರ್ 30ರಂದು ಕೇಂದ್ರದ ಆಯುಷ್ಮಾನ್ ಭಾರತದೊಡನೆ ಸಂಯೋಜನೆಗೊಂಡಿತು. ಇದನ್ನು ವಿಮಾ ಕಂಪನಿಯ ಮೂಲಕ ನಡೆಸದೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಭರವಸೆ ಪದ್ಧತಿಯಲ್ಲಿ ನಡೆಸಲಾಗುತ್ತಿದೆ. ಅಂದರೆ ಸರ್ಕಾರವು ಕಂಪನಿಗೆ ಮುಂಗಡ ಕಂತು ಕಟ್ಟುವುದಿಲ್ಲ. ಚಿಕಿತ್ಸೆ ನಡೆದ ಮೇಲೆ ನಿಗದಿತ ಪ್ಯಾಕೇಜ್ ದರವನ್ನು ಟ್ರಸ್ಟ್ ಆಸ್ಪತ್ರೆಗೆ ಪಾವತಿಸುತ್ತದೆ. ಕಂಪನಿಯ ಲಾಭಾಂಶ ಉಳಿತಾಯವಾಗುತ್ತದೆ. ಅದರ ಬದಲಿಗೆ ನಷ್ಟಸಂಭವವೆಲ್ಲ ಖಜಾನೆಯ ಮೇಲೆ ಬೀಳುತ್ತದೆ. ಯಾವ ವರ್ಷ ಕ್ಲೇಮುಗಳು ಅಂದಾಜನ್ನು ಮೀರುತ್ತವೆಯೋ ಆ ವರ್ಷ ಆಸ್ಪತ್ರೆಗಳ ಬಾಕಿ ಬೆಳೆಯುವ ಅಪಾಯ ಈ ಪದ್ಧತಿಯ ಸಹಜ ದೌರ್ಬಲ್ಯ.

ನಡುವೆ ಉಳಿದವರು

ಈ ಯೋಜನೆಯಡಿ ಆದ್ಯತಾ ಪಡಿತರ ಚೀಟಿಯುಳ್ಳ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಉಚಿತ. ಉಳಿದವರಿಗೆ, ಅಂದರೆ ಸಾಮಾನ್ಯ ವರ್ಗದ ರೋಗಿಗೆ, ಪ್ಯಾಕೇಜ್ ದರದ ಶೇ. 30ರಷ್ಟನ್ನು ಮಾತ್ರ ಸರ್ಕಾರ ಭರಿಸುತ್ತದೆ. ಅದೂ ಕುಟುಂಬಕ್ಕೆ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಗೆ ಒಳಪಟ್ಟು. ಪ್ಯಾಕೇಜ್ ದರ ಒಂದು ಲಕ್ಷ ರೂಪಾಯಿ ಎಂದಿಟ್ಟುಕೊಳ್ಳೋಣ. ಬಿಲ್ಲು ಆ ದರಕ್ಕೇ ನಿಂತರೆ ಸರ್ಕಾರದ ಪಾಲು 30,000, ರೋಗಿಯ ಪಾಲು 70,000 ರೂಪಾಯಿ. ತಿಂಗಳಿಗೆ 25,000 ರೂಪಾಯಿ ಸಂಪಾದಿಸುವ ಗುಮಾಸ್ತನಿಗೆ ಇದು ಸುಮಾರು ಮೂರು ತಿಂಗಳ ಪೂರ್ತಿ ಸಂಬಳ.

ಇಂಥವರನ್ನು ನೀತಿ ಆಯೋಗವು ತನ್ನ 2021ರ ವರದಿಯಲ್ಲಿ ಕಾಣೆಯಾದ ಮಧ್ಯಮ ವರ್ಗವೆಂದು ಕರೆಯಿತು. ದೇಶದ ಜನಸಂಖ್ಯೆಯಲ್ಲಿ ಕನಿಷ್ಠ ಶೇ. 30, ಅಂದರೆ ಸುಮಾರು 40 ಕೋಟಿ ಜನರಿಗೆ ಆರೋಗ್ಯಕ್ಕಾಗಿ ಯಾವುದೇ ಆರ್ಥಿಕ ರಕ್ಷೆ ಇಲ್ಲವೆಂದು ಅದರ ಅಂದಾಜು. ಉಚಿತ ಯೋಜನೆಗೆ ಅರ್ಹರಾಗುವಷ್ಟು ಬಡವರಲ್ಲ. ಖಾಸಗಿ ವಿಮೆ ಕೊಳ್ಳುವಷ್ಟು ಸ್ಥಿತಿವಂತರೂ ಅಲ್ಲ. ಕಿರಾಣಿ ಅಂಗಡಿಯವರು, ಎಪಿಎಂಸಿ ಪ್ರಾಂಗಣದ ಸಣ್ಣ ವರ್ತಕರು, ಮುದ್ರಣಾಲಯದವರು, ಗ್ಯಾರೇಜಿನವರು, ಅವರ ಬಳಿ ದುಡಿಯುವ ಗುಮಾಸ್ತರು ಎಲ್ಲರೂ ಬಹುಮಟ್ಟಿಗೆ ಈ ವರ್ಗಕ್ಕೆ ಸೇರಿದವರು.

ನೌಕರರ ರಾಜ್ಯ ವಿಮೆಯಲ್ಲಿಯೂ ಇಂತಹುದೇ ಬಿರುಕು ಇದೆ. 10 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಇಎಸ್‌ಐ ಕಡ್ಡಾಯ. 2019ರ ಜುಲೈ 1ರಿಂದ ವಂತಿಗೆಯನ್ನು ಮಾಲೀಕರಿಗೆ ಶೇ. 3.25, ನೌಕರರಿಗೆ ಶೇ. 0.75ಕ್ಕೆ ಇಳಿಸಲಾಯಿತು. ವೇತನ ಮಿತಿಯನ್ನು 21,000 ರೂಪಾಯಿಗೆ ಏರಿಸಿದ್ದು 2017ರ ಜನವರಿ 1ರಿಂದ. ಆ ಮಿತಿಯ ಲೆಕ್ಕ ನೋಡಿ: 21,000 ರೂಪಾಯಿ ವೇತನದ ಮೇಲೆ ಮಾಲೀಕರು 682.50, ನೌಕರ 157.50, ಒಟ್ಟು ತಿಂಗಳಿಗೆ 840 ರೂಪಾಯಿ ಕಟ್ಟಿದರೆ ನೌಕರನ ಇಡೀ ಕುಟುಂಬಕ್ಕೆ ಚಿಕಿತ್ಸೆಯ ರಕ್ಷೆ. ಮಾಲೀಕರು ಮೆಚ್ಚಿ ವೇತನವನ್ನು 22,000ಕ್ಕೆ ಏರಿಸಿದರೆ, ಆ ವಂತಿಗೆ ಅವಧಿ ಮುಗಿದ ಬಳಿಕ ಆತನು ವ್ಯಾಪ್ತಿಯಿಂದ ಹೊರಬೀಳುತ್ತಾನೆ. ವರ್ಷಕ್ಕೆ 12,000 ರೂಪಾಯಿ ಹೆಚ್ಚು ದೊರೆಯಿತು. ಆದರೆ ಕುಟುಂಬದ ರಕ್ಷೆ ಹೋಯಿತು. ಬಡ್ತಿಯೇ ಶಿಕ್ಷೆಯಾಗಿ ಪರಿಣಮಿಸುವ ಸನ್ನಿವೇಶವಿದು.

ತೆರಿಗೆಯ ಪಾಲು

ಆಸ್ಪತ್ರೆಯ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿಯಿದೆ. ತೀವ್ರ ನಿಗಾ ಘಟಕ ಬಿಟ್ಟು ದಿನಕ್ಕೆ 5,000 ರೂಪಾಯಿ ಮೀರಿದ ಕೊಠಡಿ ಬಾಡಿಗೆಗೆ ಮಾತ್ರ 2022ರ ಜುಲೈ 18ರಿಂದ ಶೇ. 5 ತೆರಿಗೆ ಬಂದಿದೆ. ಆದರೆ ವಿನಾಯಿತಿ ಎಂದರೆ ತೆರಿಗೆಯೇ ಇಲ್ಲವೆಂದು ಅರ್ಥವಲ್ಲ. ಸೇವೆಗೆ ತೆರಿಗೆಯಿಲ್ಲದ ಕಾರಣ, ಆಸ್ಪತ್ರೆ ತಾನು ಕೊಂಡ ಉಪಕರಣಗಳ ಮೇಲೆ ಕಟ್ಟಿದ ತೆರಿಗೆಗೆ ಹೂಡುವಳಿ ತೆರಿಗೆ ಜಮೆ ಪಡೆಯಲಾಗದು. ಅದು ವೆಚ್ಚವಾಗಿ ಬಿಲ್ಲಿನೊಳಗೆ ಅಡಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ಬಹುತೇಕ ಔಷಧಗಳು ಮತ್ತು ವೈದ್ಯಕೀಯ ಉಪಕರಣಗಳ ದರ ಶೇ. 5ಕ್ಕೆ ಇಳಿದಿದೆ. ಹಿಂದೆ ಶೇ. 12ರ ದರವಿದ್ದ ಒಂದು ಕೋಟಿ ರೂಪಾಯಿಯ ಉಪಕರಣದ ಮೇಲೆ 12 ಲಕ್ಷ ಅಡಗಿದ್ದರೆ, ಈಗ ಅಡಗುವುದು 5 ಲಕ್ಷ. ಈ 7 ಲಕ್ಷದ ಉಳಿತಾಯ ರೋಗಿಯ ಬಿಲ್ಲಿನಲ್ಲಿ ಕಾಣಬೇಕೆಂದು ಕೇಳುವ ಹಕ್ಕು ಸಾರ್ವಜನಿಕರಿಗಿದೆ.

ಅದೇ ದಿನದಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿದ್ದ ಶೇ. 18ರ ಜಿಎಸ್‌ಟಿಯನ್ನು ರದ್ದುಪಡಿಸಲಾಯಿತು. ಗುಂಪು ವಿಮೆಗೆ ಈ ವಿನಾಯಿತಿ ದೊರೆಯಲಿಲ್ಲ. ಸಣ್ಣ ಉದ್ಯಮಿಯು ತನ್ನ ನೌಕರರಿಗಾಗಿ ಒಂದು ಲಕ್ಷ ರೂಪಾಯಿ ಕಂತಿನ ಗುಂಪು ಪಾಲಿಸಿ ಕೊಂಡರೆ 18,000 ರೂಪಾಯಿ ತೆರಿಗೆ ಸೇರುತ್ತದೆ. ಕಾನೂನಿನ ಕಡ್ಡಾಯವಿಲ್ಲದೆ ಕೊಂಡ ವಿಮೆಯಾದರೆ ಅದರ ಜಮೆಯೂ ಸಿಗದು. ಒಬ್ಬೊಬ್ಬರೇ ಕೊಂಡರೆ ತೆರಿಗೆಯಿಲ್ಲ, ಮಾಲೀಕರು ಎಲ್ಲರಿಗೂ ಸೇರಿಸಿ ಕೊಂಡರೆ ತೆರಿಗೆ ಉಂಟು ಎಂಬುದು ತರ್ಕಕ್ಕೆ ನಿಲುಕದ ಸಂಗತಿ.

ಆದಾಯ ತೆರಿಗೆಯಲ್ಲಿಯೂ ಒಂದು ಅಂಶ ಗಮನಾರ್ಹ. ನೌಕರರ ಆರೋಗ್ಯ ವಿಮೆಗೆ ಮಾಲೀಕರು ಕಟ್ಟುವ ಕಂತು ವ್ಯವಹಾರದ ವೆಚ್ಚವಾಗಿ ಕಳೆಯಲ್ಪಡುತ್ತದೆ. ಮಾಲೀಕರ ಸ್ವಂತ ಕುಟುಂಬದ ಕಂತು ವ್ಯವಹಾರದ ವೆಚ್ಚವಲ್ಲ. ಅದಕ್ಕಿರುವ ಪ್ರತ್ಯೇಕ ರಿಯಾಯಿತಿ ಹಳೆಯ ತೆರಿಗೆ ಪದ್ಧತಿಯನ್ನು ಆರಿಸಿಕೊಂಡವರಿಗೆ ಮಾತ್ರ. ಕಂತನ್ನು ನಗದಾಗಿ ಕಟ್ಟಿದರೆ ಅವರಿಗೂ ಇಲ್ಲ.

ದರಪಟ್ಟಿ ಮತ್ತು 2017ರ ತಿದ್ದುಪಡಿ

ವಿಮೆ ಎಷ್ಟೇ ವಿಸ್ತರಿಸಿದರೂ ದರದಲ್ಲಿ ಪಾರದರ್ಶಕತೆ ಇಲ್ಲದಿದ್ದರೆ ಹಣ ಸಾಲದು. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರದು. 2017ರಲ್ಲಿ ತಿದ್ದುಪಡಿ ತರಲು ಹೊರಟಾಗ ಖಾಸಗಿ ವೈದ್ಯರು ನವೆಂಬರ್‌ನಲ್ಲಿ ಮುಷ್ಕರ ಹೂಡಿದರು. ರೋಗಿಗಳು ಬಹಳ ಪರದಾಡಿದರು. ಕೊನೆಗೆ ಕಠಿಣ ಕಲಮುಗಳನ್ನು ಸಡಿಲಿಸಿ ತಿದ್ದುಪಡಿಯನ್ನು ಅಂಗೀಕರಿಸಲಾಯಿತು. ದರಪಟ್ಟಿಯ ಪ್ರದರ್ಶನ, ರೋಗಿಗಳ ಹಕ್ಕುಗಳ ಸನ್ನದು, ಬಾಕಿಗಾಗಿ ಶವವನ್ನು ತಡೆಹಿಡಿಯಬಾರದೆಂಬ ನಿಯಮ, ಜಿಲ್ಲಾ ಮಟ್ಟದ ನೋಂದಣಿ ಹಾಗೂ ಕುಂದುಕೊರತೆ ಪ್ರಾಧಿಕಾರ ಇವು ಅದರ ಮುಖ್ಯ ಫಲಗಳು.

ಆಸ್ಪತ್ರೆ ನಡೆಸುವವರ ಕಷ್ಟವನ್ನೂ ಹೇಳಬೇಕು. ಅವರಲ್ಲಿಯೂ ಅನೇಕರು ವಾಣಿಜ್ಯ ಸಂಸ್ಥೆಗಳ ಸದಸ್ಯರೇ. ಪ್ಯಾಕೇಜ್ ದರವು ನೈಜ ವೆಚ್ಚಕ್ಕಿಂತ ಕಡಿಮೆಯಾಗಿ, ಪಾವತಿಯೂ ತಡವಾದರೆ, ಐವತ್ತು ಹಾಸಿಗೆಯ ತಾಲ್ಲೂಕು ಆಸ್ಪತ್ರೆ ಯೋಜನೆಯಿಂದ ಹೊರಗುಳಿಯುವುದೇ ಲೇಸೆಂದು ತೀರ್ಮಾನಿಸುತ್ತದೆ. ಆಗ ಕಾರ್ಡ್ ಇದ್ದರೂ ಹತ್ತಿರದಲ್ಲಿ ಆಸ್ಪತ್ರೆಯಿಲ್ಲದಂತಾಗುತ್ತದೆ. ರಾಜ್ಯದೊಳಗಿನ ಕ್ಲೇಮನ್ನು 15 ದಿನಗಳಲ್ಲಿ ಇತ್ಯರ್ಥಪಡಿಸಬೇಕೆಂಬುದು ಆಯುಷ್ಮಾನ್ ಭಾರತದ ಮಾರ್ಗಸೂಚಿ. ಕಿರು ಮತ್ತು ಸಣ್ಣ ಉದ್ಯಮಗಳಿಗೆ 45 ದಿನಗಳೊಳಗೆ ಹಣ ಪಾವತಿಸಬೇಕೆಂದು ನಮಗೆ ಕಾನೂನು ವಿಧಿಸುವ ಸರ್ಕಾರ, ಅದೇ ಶಿಸ್ತನ್ನು ತನ್ನ ಪಾವತಿಗೂ ಅನ್ವಯಿಸಿಕೊಳ್ಳುವುದು ನ್ಯಾಯ.

ಆಗಬೇಕಾದ ಸುಧಾರಣೆಗಳು

ಮೇಲಿನ ಅಂಶಗಳನ್ನು ಪರ್ಯಾಲೋಚಿಸಿದಾಗ ರಾಜ್ಯ ಸರ್ಕಾರದ ಮುಂದೆ ಇಡಬಹುದಾದ ಸಲಹೆಗಳು ಇವು:

1. ಸಾಮಾನ್ಯ ವರ್ಗದ ಕುಟುಂಬಗಳು ವಾರ್ಷಿಕ ವಂತಿಗೆ ಕಟ್ಟಿ ಪೂರ್ಣ ರಕ್ಷೆ ಪಡೆಯುವ ಅವಕಾಶ ಬೇಕು. ರಾಜಸ್ಥಾನವು 2021ರಲ್ಲಿ ಚಿರಂಜೀವಿ ಯೋಜನೆಯಲ್ಲಿ, ಉಚಿತ ಪಟ್ಟಿಗೆ ಸೇರದ ಕುಟುಂಬಗಳಿಗೆ ವರ್ಷಕ್ಕೆ 850 ರೂಪಾಯಿಗೆ ಇಂತಹ ಅವಕಾಶ ಕಲ್ಪಿಸಿತ್ತು. ನಮ್ಮಲ್ಲಿ ವಂತಿಗೆ ಅದಕ್ಕಿಂತ ಹೆಚ್ಚಾದರೂ ಅನೇಕರು ಸಂತೋಷದಿಂದ ಕಟ್ಟುತ್ತಾರೆ.

2. ನೋಂದಣಿಯು ಗುಂಪಾಗಿ ನಡೆಯಬೇಕು. ವರ್ತಕರ ಸಂಘಗಳು, ಸೌಹಾರ್ದ ಸಹಕಾರಿಗಳು, ಎಪಿಎಂಸಿಗಳು ತಮ್ಮ ಸದಸ್ಯರನ್ನು ಒಟ್ಟಾಗಿ ಸೇರಿಸಿದರೆ ಆರೋಗ್ಯವಂತರೂ ರೋಗಿಗಳೂ ಒಂದೇ ನಿಧಿಯಲ್ಲಿ ಕೂಡುತ್ತಾರೆ. ಯಶಸ್ವಿನಿಯ ಪಾಠ ಇದೇ.

3. ಕ್ಲೇಮು ಪಾವತಿಗೆ ಪ್ರತ್ಯೇಕ ಆವರ್ತ ನಿಧಿ ಇರಬೇಕು; ತಡವಾದರೆ ಬಡ್ಡಿ ತಾನಾಗಿಯೇ ಸೇರಬೇಕು. ಪ್ಯಾಕೇಜ್ ದರಗಳನ್ನು ವೆಚ್ಚ ಲೆಕ್ಕಶಾಸ್ತ್ರದ ಆಧಾರದ ಮೇಲೆ ನಿಯತಕಾಲಿಕವಾಗಿ ಪರಿಷ್ಕರಿಸಬೇಕು.

4. ಆಸ್ಪತ್ರೆಗೆ ದಾಖಲಾಗುವ ಮುನ್ನಿನ ವೆಚ್ಚದ ಕಡೆ ಗಮನ ಹರಿಯಬೇಕು. ಸಕ್ಕರೆ ಕಾಯಿಲೆ, ರಕ್ತದೊತ್ತಡಗಳಿಗೆ ತಿಂಗಳು ತಿಂಗಳೂ ಬೇಕಾಗುವ ಮಾತ್ರೆ ಮತ್ತು ಪರೀಕ್ಷೆಗಳ ಖರ್ಚನ್ನು ಆಯುಷ್ಮಾನ್ ಕಾರ್ಡ್ ಸಾಮಾನ್ಯವಾಗಿ ಭರಿಸುವುದಿಲ್ಲ. ತಮಿಳುನಾಡು ವೈದ್ಯಕೀಯ ಸೇವಾ ನಿಗಮವು 1995ರಿಂದ ಕೇಂದ್ರೀಕೃತ ಖರೀದಿ, ಗೋದಾಮು ಮತ್ತು ಗುಣಮಟ್ಟ ಪರೀಕ್ಷೆಯ ಮೂಲಕ ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಪೂರೈಸುತ್ತಿರುವ ಮಾದರಿ ನಮ್ಮ ನೆರೆಯಲ್ಲೇ ಇದೆ. ದಾಸ್ತಾನು ನಿರ್ವಹಣೆಯ ಬೆಲೆ ಬಲ್ಲ ವರ್ತಕ ಸಮುದಾಯಕ್ಕೆ ಇದರ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

5. ಗುಂಪು ಆರೋಗ್ಯ ವಿಮೆಗೂ ಜಿಎಸ್‌ಟಿ ವಿನಾಯಿತಿ ನೀಡುವಂತೆ, ಕನಿಷ್ಠ ಸಣ್ಣ ಸಂಸ್ಥೆಗಳ ಮಟ್ಟಿಗಾದರೂ, ರಾಜ್ಯದ ಪ್ರತಿನಿಧಿಗಳು ಜಿಎಸ್‌ಟಿ ಮಂಡಳಿಯಲ್ಲಿ ಒತ್ತಾಯಿಸಬೇಕು.

ಸದಸ್ಯರು ಈಗಲೇ ಮಾಡಬಹುದಾದದ್ದು

ಸುಧಾರಣೆ ಬರುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಮೊದಲನೆಯದಾಗಿ, ನಿಮ್ಮ ನೌಕರರಲ್ಲಿ ಯಾರು ಯಾವ ರಕ್ಷೆಗೆ ಒಳಪಟ್ಟಿದ್ದಾರೆಂದು ಒಂದು ಪಟ್ಟಿ ಮಾಡಿ: ಆಯುಷ್ಮಾನ್ ಕಾರ್ಡ್, ಇಎಸ್‌ಐ, ಯಶಸ್ವಿನಿ, ಖಾಸಗಿ ವಿಮೆ, ಅಥವಾ ಯಾವುದೂ ಇಲ್ಲ. ಕೊನೆಯ ಸಾಲಿನಲ್ಲಿ ಎಷ್ಟು ಹೆಸರುಗಳಿವೆ ಎಂಬುದೇ ನಿಮ್ಮ ಸಂಸ್ಥೆಯ ಅಘೋಷಿತ ಹೊಣೆ.

ಎರಡನೆಯದಾಗಿ, 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಡಿ, 10ಕ್ಕಿಂತ ಕಡಿಮೆ ಜನರಿರುವ ಸಂಸ್ಥೆಗಳೂ ಮಾಲೀಕರು ಮತ್ತು ಬಹುಪಾಲು ನೌಕರರು ಒಪ್ಪಿದರೆ ಇಎಸ್‌ಐಗೆ ಸ್ವಇಚ್ಛೆಯಿಂದ ಸೇರಬಹುದು. ನಾಲ್ಕಾರು ಜನರಿರುವ ಅಂಗಡಿಗಳಿಗೆ ಇದು ಪರಿಶೀಲನೆಗೆ ಅರ್ಹವಾದ ದಾರಿ.

ಮೂರನೆಯದಾಗಿ, ವೇತನ ಮಿತಿ ದಾಟಿದ ನೌಕರನ ವಿಷಯದಲ್ಲಿ ಮಾಲೀಕರಿಗೆ ಉಳಿಯುವ ವಂತಿಗೆ ತಿಂಗಳಿಗೆ 682.50ರಂತೆ ವರ್ಷಕ್ಕೆ 8,190 ರೂಪಾಯಿ. ಅದನ್ನು ಲಾಭಕ್ಕೆ ಸೇರಿಸಿಕೊಳ್ಳದೆ ಆತನ ಕುಟುಂಬದ ಆರೋಗ್ಯ ವಿಮೆಗೆ ನೆರವಾಗಿ ಕೊಟ್ಟರೆ ಸಂಸ್ಥೆಗೆ ಹೊಸ ಭಾರವಿಲ್ಲ. ನೌಕರನಿಗೆ ರಕ್ಷೆ ಮುಂದುವರಿಯುತ್ತದೆ. ಗುಂಪು ಪಾಲಿಸಿಯೋ ವೈಯಕ್ತಿಕ ಪಾಲಿಸಿಯೋ ಎಂಬ ಪ್ರಶ್ನೆಗೆ ತೆರಿಗೆಯೊಂದೇ ಉತ್ತರವಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ವೈಯಕ್ತಿಕ ಪಾಲಿಸಿಯಲ್ಲಿ ಕಾಯುವ ಅವಧಿ ಇರುತ್ತದೆ. ಗುಂಪು ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಅದನ್ನು ಮೊದಲ ದಿನದಿಂದಲೇ ಒಳಪಡಿಸಿಕೊಳ್ಳಲು ಸಾಧ್ಯ. ವಯಸ್ಸಾದ ನೌಕರರಿರುವ ಕಡೆ ಶೇ. 18 ತೆರಿಗೆ ಕೊಟ್ಟರೂ ಗುಂಪು ಪಾಲಿಸಿ ಲಾಭದಾಯಕವಾಗಬಹುದು.

ನಾಲ್ಕನೆಯದಾಗಿ, ಸಹಕಾರ ಸಂಘದ ಸದಸ್ಯರಾಗಿರುವವರು ಆಯಾ ವರ್ಷದ ಯಶಸ್ವಿನಿ ಆದೇಶದಲ್ಲಿನ ಅರ್ಹತೆ ಮತ್ತು ಕೊನೆಯ ದಿನಾಂಕವನ್ನು ತಮ್ಮ ಸಂಘದ ಕಾರ್ಯದರ್ಶಿಯವರಿಂದ ತಿಳಿದುಕೊಳ್ಳುವುದು ಒಳ್ಳೆಯದು. ಸಾಮಾನ್ಯ ವರ್ಗದವರೂ ಆಯುಷ್ಮಾನ್ ಕಾರ್ಡ್ ಮಾಡಿಸಿಟ್ಟುಕೊಳ್ಳಬೇಕು, ಶೇ. 30 ಎಂದರೂ ಒಂದು ಲಕ್ಷದಲ್ಲಿ ಮೂವತ್ತು ಸಾವಿರ. ಆದರೆ ತುರ್ತು ಚಿಕಿತ್ಸೆಯ ಹೊರತು ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕೆಂಬ ನಿಯಮವನ್ನು ಮರೆಯಬಾರದು. ಈ ಪತ್ರವಿಲ್ಲದೆ ಹೋದರೆ ಸೌಲಭ್ಯ ಕೈತಪ್ಪುತ್ತದೆ.

ವ್ಯಾಪಾರದಲ್ಲಿ ಬೆಂಕಿ ವಿಮೆಯಿಲ್ಲದೆ ಗೋದಾಮು ನಡೆಸುವವರನ್ನು ಬ್ಯಾಂಕು ಒಪ್ಪುವುದಿಲ್ಲ. ಗೋದಾಮನ್ನು ನಡೆಸುವ ಮನುಷ್ಯರಿಗೆ ಮಾತ್ರ ಯಾವ ರಕ್ಷೆಯೂ ಇಲ್ಲದಿರುವುದನ್ನು ನಾವು ಇದುವರೆಗೆ ಸಹಜವೆಂದೇ ಸ್ವೀಕರಿಸಿದ್ದೇವೆ. ಮುಂದಿನ ಆಯವ್ಯಯ ಪೂರ್ವ ಸಮಾಲೋಚನೆಗೆ ವಾಣಿಜ್ಯ ಸಂಸ್ಥೆಗಳು ಸಿದ್ಧಪಡಿಸುವ ಮನವಿಯಲ್ಲಿ ವಿದ್ಯುತ್ ದರ, ವೃತ್ತಿ ತೆರಿಗೆಗಳ ಜೊತೆಗೆ ನಡುವಿನ ವರ್ಗದ ಆರೋಗ್ಯ ರಕ್ಷೆಯ ಬೇಡಿಕೆಯೂ ಸೇರಬೇಕು. ಸದಸ್ಯರು ತಮ್ಮ ಸಂಸ್ಥೆಗಳಲ್ಲಿ ರಕ್ಷೆ ಇಲ್ಲದವರ ಸಂಖ್ಯೆಯನ್ನು ಲೆಕ್ಕಹಾಕಿ ಕಾರ್ಯಾಲಯಕ್ಕೆ ತಿಳಿಸಿದರೆ ಆ ಮನವಿಗೆ ಅಂಕಿ ಅಂಶಗಳ ಬಲವೂ ದೊರೆಯುತ್ತದೆ.